ಗಡಿಯಾರ ಹಿಡಿದವರ ಹೊಣೆ



ಇವತ್ತು ರಾಜಕೀಯ ಇಲ್ಲ. ಕುರ್ಚಿ ಇಲ್ಲ, ಬಣ ಇಲ್ಲ, ರೆಸಾರ್ಟ್ ಕೂಡ ಇಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ನಿಮಿಷ, ಸೆಕೆಂಡುಗಳ ಬಗ್ಗೆ.

ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕಡೆ ಒಂದು ಬಗೆಯ ಜಿಮ್‌ಗಳಿವೆ. ಒಳಗೆ ಕನ್ನಡಿ ಕಮ್ಮಿ, ಟ್ರೆಡ್‌ಮಿಲ್ ಕಮ್ಮಿ. ಕಬ್ಬಿಣದ ರಾಡು, ಪ್ಲೇಟು, ಹಗ್ಗ, ಮರದ ಪೆಟ್ಟಿಗೆ, ಗೋಡೆ ಮೇಲೆ ದೊಡ್ಡದೊಂದು ಡಿಜಿಟಲ್ ಗಡಿಯಾರ, ಅದರ ಪಕ್ಕ ಒಂದು ಬಿಳಿ ಬೋರ್ಡು. ಬೋರ್ಡಿನ ಮೇಲೆ ಹೆಸರು, ಹೆಸರಿನ ಮುಂದೆ ಸಮಯ. ಇದಕ್ಕೆ ಫಂಕ್ಷನಲ್ ಫಿಟ್‌ನೆಸ್ ಅಂತಾರೆ. ಅಂದ್ರೆ ಎತ್ತೋದು, ಹೊರೋದು, ಕೂತು ಏಳೋದು, ಜಿಗಿಯೋದು, ನೇತಾಡೋದು. ದೇಹ ದಿನಾ ಮಾಡಬೇಕಾದ ಕೆಲಸಗಳನ್ನೇ ವ್ಯಾಯಾಮ ಮಾಡಿ, ಅದರ ತಲೆ ಮೇಲೊಂದು ಗಡಿಯಾರ ಕೂರಿಸೋದು.

ಕೆಲಸ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋರನ್ನ, ಜೋಳದ ಚೀಲ ಹೊರೋರನ್ನ ನೀವು ನೋಡಿದ್ದೀರಿ. ಮೈಸೂರಿನ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದು ಸಾಮು ಮಾಡಿದ ಪೈಲ್ವಾನರು ಇವತ್ತಿಗೂ ಇದ್ದಾರೆ. ಆದರೆ ಗರಡಿಯಲ್ಲಿ ಉಸ್ತಾದರು ಕೇಳ್ತಿದ್ದ ಪ್ರಶ್ನೆ ‘ಎಷ್ಟು ಹೊಡೆದೆ?’ ಅಂತ. ಈಗಿನ ಪ್ರಶ್ನೆ ‘ಎಷ್ಟು ಹೊತ್ತಿನಲ್ಲಿ ಹೊಡೆದೆ?’ ಅಂತ. ಪ್ರಶ್ನೆ ಬದಲಾದಾಗ ಆಟವೂ ಬದಲಾಯಿತು, ಅಪಾಯವೂ ಬದಲಾಯಿತು.

ಮೊದಲು ಈ ಆಟದ ಕಥೆ ಸ್ವಲ್ಪ ಹೇಳಿಬಿಡ್ತೀನಿ.

ಕ್ರಾಸ್‌ಫಿಟ್ ಅನ್ನೋ ಹೆಸರು ಕೇಳಿರ್ತೀರಿ. 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಗ್ಲಾಸ್‌ಮನ್ ಮತ್ತು ಲಾರೆನ್ ಜೆನೈ ಕಟ್ಟಿದ ಸಂಸ್ಥೆ. 2007ರಲ್ಲಿ ಅದೇ ರಾಜ್ಯದ ಆರೋಮಾಸ್ ಅನ್ನೋ ಊರಿನ ಒಂದು ದನಗಾವಲಿನ ಎಸ್ಟೇಟಿನಲ್ಲಿ ಮೊದಲ ಕ್ರಾಸ್‌ಫಿಟ್ ಗೇಮ್ಸ್ ನಡೀತು. ಗೆದ್ದವರಿಗೆ ಸಿಕ್ಕ ಬಹುಮಾನ 500 ಡಾಲರ್. ನಮ್ಮೂರ ಗ್ರಾಮೀಣ ಕ್ರೀಡಾಕೂಟದ ಲೆಕ್ಕ ಅಂದುಕೊಳ್ಳಿ.

2011ರಲ್ಲಿ ಅವರು ಒಂದು ಹೊಸ ದಾರಿ ಕಂಡುಕೊಂಡರು. ಅದರ ಹೆಸರು ‘ಓಪನ್’. ಯಾರು ಬೇಕಾದರೂ, ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ಶುಲ್ಕ ಕಟ್ಟಿ ಸೇರಬಹುದಾದ ಅರ್ಹತಾ ಸುತ್ತು. ಮೊದಲ ವರ್ಷ ಸುಮಾರು 26 ಸಾವಿರ ಜನ ಸೇರಿದರು. 2018ರ ಹೊತ್ತಿಗೆ ಆ ಸಂಖ್ಯೆ 4 ಲಕ್ಷ ದಾಟಿತ್ತು. ಏಳು ವರ್ಷದಲ್ಲಿ ಇಷ್ಟು ಬೆಳೆದ ಆಟ ಬೇರೆ ಯಾವುದಿದೆ ಹೇಳಿ?

ನಡೆಯೋದು ಹೀಗೆ. ಫೆಬ್ರವರಿ ಕೊನೆಯಲ್ಲೋ ಮಾರ್ಚ್‌ನಲ್ಲೋ, ಅವರ ಗುರುವಾರ ಒಂದು ವರ್ಕ್‌ಔಟ್ ಪ್ರಕಟ ಆಗುತ್ತೆ. ಅಷ್ಟೊತ್ತಿಗೆ ನಮ್ಮಲ್ಲಿ ಶುಕ್ರವಾರದ ನಡುರಾತ್ರಿ ಕಳೆದಿರುತ್ತೆ. ಅವರ ಸೋಮವಾರ ಸಂಜೆಯೊಳಗೆ ಅದನ್ನ ಜಡ್ಜ್ ಮುಂದೆ ಮಾಡಿ, ಅಥವಾ ಕತ್ತರಿ ಹಾಕದ ವಿಡಿಯೋದಲ್ಲಿ ತೋರಿಸಿ, ಅಂಕ ಕಳಿಸಬೇಕು. ಹೀಗೆ ಮೂರು ವಾರ. ಶುಕ್ರವಾರ ಒಂದು ಸಲ ಮಾಡಿ, ಸಮಯ ಸಾಲದು ಅನ್ನಿಸಿ, ಸೋಮವಾರ ಮೈ ನೋವಿನಲ್ಲೇ ಮತ್ತೆ ಮಾಡೋರು ಬೇಕಾದಷ್ಟು ಜನ.

ಈಗ ವರ್ಕ್‌ಔಟ್ ಅಂದ್ರೆ ಎಂಥದ್ದು ಅಂತ ಗೊತ್ತಾಗಬೇಕಲ್ಲ? ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರೋ ಒಂದು ಅಳತೆಗೋಲು ‘ಫ್ರ್ಯಾನ್’. ಇದು ಓಪನ್‌ನ ಸುತ್ತಲ್ಲ, ಆದರೆ ಪ್ರತಿಯೊಬ್ಬ ಕ್ರಾಸ್‌ಫಿಟ್‌ನವನೂ ‘ನಿನ್ನ ಫ್ರ್ಯಾನ್ ಎಷ್ಟು?’ ಅಂತ ಕೇಳಿಸಿಕೊಂಡಿರ್ತಾನೆ. ಎರಡೇ ಕೆಲಸ. ಒಂದು ಥ್ರಸ್ಟರ್: ಭುಜದ ಮೇಲೆ ರಾಡು ಇಟ್ಟುಕೊಂಡು ಪೂರ್ತಿ ಕುಕ್ಕರಗಾಲಲ್ಲಿ ಕೂತು, ಎದ್ದು, ಅದೇ ರಭಸದಲ್ಲಿ ರಾಡನ್ನ ತಲೆ ಮೇಲೆ ಎತ್ತೋದು. ಗಂಡಸರಿಗೆ ಸುಮಾರು 43 ಕಿಲೋ, ಹೆಂಗಸರಿಗೆ ಸುಮಾರು 29 ಕಿಲೋ. ಇನ್ನೊಂದು ಪುಲ್‌ಅಪ್. ಮೊದಲು ಎರಡೂ 21 ಸಲ, ಆಮೇಲೆ 15, ಆಮೇಲೆ 9. ಒಟ್ಟು 90 ಸಲ. ಹೊಸಬರಿಗೆ ಎಂಟು, ಹತ್ತು ನಿಮಿಷ ಹಿಡಿಯುತ್ತೆ. ಐದು ನಿಮಿಷದೊಳಗೆ ಮುಗಿಸಿದರೆ ಒಳ್ಳೇ ಸಮಯ. ಮೂರು ನಿಮಿಷದೊಳಗೆ ಮುಗಿಸಿದರೆ ಆ ಜಿಮ್‌ನಲ್ಲಿ ನಿಮ್ಮ ಹೆಸರು ವರ್ಷಗಟ್ಟಲೆ ಬೋರ್ಡಿನಲ್ಲಿರುತ್ತೆ.

ನಾನು ಓದಿದ್ದು ಎಂಜಿನಿಯರಿಂಗ್. ಅಂಕಿ ಕಂಡರೆ ಭಾಗಾಕಾರ ಮಾಡೋ ಚಾಳಿ ಇನ್ನೂ ಬಿಟ್ಟಿಲ್ಲ. ಹಾಗಾಗಿ 2024ರ ಓಪನ್‌ನ ಮೊದಲ ವರ್ಕ್‌ಔಟ್ ತಗೊಳ್ಳೋಣ. ಒಂದು ಡಂಬೆಲ್, ಅದನ್ನ ನೆಲದಿಂದ ಒಂದೇ ಏಟಿಗೆ ತಲೆ ಮೇಲೆ ಎತ್ತೋ ಸ್ನ್ಯಾಚ್, ಮತ್ತೆ ಆ ಡಂಬೆಲ್ ಮೇಲಿಂದ ಪಕ್ಕಕ್ಕೆ ಹಾರೋ ಬರ್ಪಿ. ಬರ್ಪಿ ಅಂದ್ರೆ ಎದೆ ನೆಲಕ್ಕೆ ತಾಗೋ ಹಾಗೆ ಮಲಗಿ ಎದ್ದು ಹಾರೋದು. ಒಂದು ಕೈಯಲ್ಲಿ 21 ಸ್ನ್ಯಾಚ್, 21 ಬರ್ಪಿ, ಇನ್ನೊಂದು ಕೈಯಲ್ಲಿ 21 ಸ್ನ್ಯಾಚ್, ಮತ್ತೆ 21 ಬರ್ಪಿ. ಇದೇ ಥರ ಆಮೇಲೆ 15, ಆಮೇಲೆ 9. ಕೂಡಿಸಿದರೆ 180. ಕೊಟ್ಟಿರೋ ಗರಿಷ್ಠ ಸಮಯ 15 ನಿಮಿಷ, ಅಂದ್ರೆ 900 ಸೆಕೆಂಡ್. ಒಂದಕ್ಕೆ ಸರಿಯಾಗಿ 5 ಸೆಕೆಂಡ್.

5 ಸೆಕೆಂಡ್ ಅಂದ್ರೆ ಧಾರಾಳ ಅನ್ನಿಸುತ್ತೆ ಅಲ್ವಾ? ಅಲ್ಲೇ ಜನ ಬೀಳೋದು. ಮೈ ಬಿಸಿಯಿರುವಾಗ, ಸುತ್ತ ಸ್ನೇಹಿತರು ಕೂಗ್ತಿರುವಾಗ, ಮೊದಲ 42ನ್ನ ಮೂರು ಮೂರು ಸೆಕೆಂಡಿಗೆ ಹೊಡೆದುಬಿಡ್ತಾರೆ. ಎರಡು ನಿಮಿಷ ಆರು ಸೆಕೆಂಡಿಗೆ ಮೊದಲ ಭಾಗ ಮುಗೀತು ಅಂತ ಖುಷಿ. ಆಮೇಲೆ ಉಸಿರು ಸಿಗಲ್ಲ. ಡಂಬೆಲ್ ಪಕ್ಕ ಕೈ ಸೊಂಟಕ್ಕಿಟ್ಟು ನಿಂತರೆ ಇಪ್ಪತ್ತು ಸೆಕೆಂಡ್ ಹೋಯಿತು. ಅಷ್ಟರಲ್ಲಿ ಮೊದಲಿಂದ ನಾಲ್ಕು ಸೆಕೆಂಡಿಗೆ ಒಂದರಂತೆ ಸಮನಾಗಿ ಮಾಡಿಕೊಂಡು ಬಂದವನು 12 ನಿಮಿಷಕ್ಕೆ ಮುಗಿಸಿ ನೀರು ಕುಡೀತಿರ್ತಾನೆ. ಅರ್ಹತಾ ಸುತ್ತಿನಲ್ಲಿ ಒಳ್ಳೇ ಸಮಯ ಬರೋದು ಕೊನೆಯ ಎರಡು ನಿಮಿಷದ ರೋಷದಿಂದಲ್ಲ, ಮೊದಲ ಎರಡು ನಿಮಿಷದ ಸಂಯಮದಿಂದ. ಅನುಭವಿ ಕೋಚ್‌ಗಳೆಲ್ಲ ಹೇಳೋದು ಇದನ್ನೇ.

ಈಗ ಮುಖ್ಯವಾದ ಪ್ರಶ್ನೆಗೆ ಬರ್ತೀನಿ. ‘ನನ್ನ ಸಮಯ ಸ್ಪರ್ಧೆಗೆ ಸಾಲುತ್ತಾ?’ ಅಂತ ಕೇಳ್ತಾರಲ್ಲ, ಆ ಪ್ರಶ್ನೆಗೆ ಉತ್ತರ ಏನು?

ವರ್ಕ್‌ಔಟ್ ಮುಗಿದ ದಿನ ಉತ್ತರ ಇಲ್ಲ. ಯಾಕಂದ್ರೆ ಓಪನ್‌ನಲ್ಲಿ ನಿಮಗೆ ಸಿಗೋದು ನಿಮ್ಮ ಸೆಕೆಂಡಿಗೆ ಅಂಕ ಅಲ್ಲ, ನಿಮ್ಮ ಸ್ಥಾನಕ್ಕೆ ಅಂಕ. ಹತ್ತನೇ ಸ್ಥಾನ ಬಂದರೆ 10, ಹತ್ತು ಸಾವಿರದನೇ ಸ್ಥಾನ ಬಂದರೆ 10,000. ಎಲ್ಲ ಸುತ್ತುಗಳ ಮೊತ್ತ ಯಾರದು ಕಮ್ಮಿಯೋ ಅವರು ಮೇಲೆ. ಒಂದು ಲೆಕ್ಕ ಹಾಕೋಣ. ಒಂದು ಲಕ್ಷ ಜನ ಈ ವರ್ಕ್‌ಔಟನ್ನ 6 ನಿಮಿಷದಿಂದ 15 ನಿಮಿಷದೊಳಗೆ ಮುಗಿಸಿದರು ಅಂತ ಇಟ್ಟುಕೊಳ್ಳಿ. ನಡುವೆ ಇರೋದು 540 ಸೆಕೆಂಡ್. ಭಾಗಿಸಿದರೆ ಪ್ರತಿ ಸೆಕೆಂಡಿಗೆ 185 ಜನ. ಅಂದ್ರೆ ನೀವು ಒಂದು ಸಲ ಮುಖ ಒರೆಸಿಕೊಂಡರೆ ನಾಲ್ಕೈದು ನೂರು ಜನ ನಿಮ್ಮನ್ನ ದಾಟಿ ಹೋದರು ಅಂತ ಅರ್ಥ.

ಮತ್ತೆ ಅರ್ಹತೆಯ ಗೆರೆ ಎಲ್ಲಿರುತ್ತೆ? ಅದೂ ಓಡಾಡುತ್ತೆ. 2021ರಲ್ಲಿ ಓಪನ್‌ನಿಂದ ಮುಂದಿನ ಸುತ್ತಿಗೆ ಹೋದವರು ಮೇಲಿನ ಶೇ. 10 ಜನ. 2024ರಲ್ಲಿ ಅದು ಶೇ. 25 ಆಯಿತು. 2025ರಲ್ಲಿ ಆ ಕ್ವಾರ್ಟರ್‌ಫೈನಲ್ ಸುತ್ತನ್ನೇ ತೆಗೆದರು. ನಿಮ್ಮ ದೇಹ ಅದೇ, ನಿಮ್ಮ ಸಮಯ ಅದೇ. ಒಂದು ವರ್ಷ ನೀವು ಪಾಸು, ಇನ್ನೊಂದು ವರ್ಷ ಫೇಲು. ಅರ್ಹತೆಯ ಸಮಯ ಅಳೆಯೋದು ಎಷ್ಟು ಸೀಟು ಖಾಲಿ ಇದೆ ಅನ್ನೋದನ್ನ, ನೀವು ಎಷ್ಟು ಗಟ್ಟಿ ಅನ್ನೋದನ್ನಲ್ಲ. ಸಿಇಟಿ ರ‍್ಯಾಂಕಿಂಗ್ ನೋಡಿದ ಪ್ರತಿ ಕನ್ನಡದ ತಂದೆ ತಾಯಿಗೂ ಈ ಮಾತು ಅರ್ಥ ಆಗುತ್ತೆ.

ಇನ್ನೊಂದು ವಿಷಯ, ಅಳತೆಯ ಪ್ರಾಮಾಣಿಕತೆ. ಕಾಲೇಜಿನ ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟ ಕೂಡಲೇ ನಮಗೆ ಹೇಳಿಕೊಟ್ಟ ಮೊದಲ ಪಾಠ ಏನು ಗೊತ್ತಾ? ರೀಡಿಂಗ್ ಬರೆಯೋ ಮುಂಚೆ ಉಪಕರಣ ಸೊನ್ನೆಯಲ್ಲಿ ನಿಂತಿದೆಯಾ ನೋಡು ಅಂತ. ಇಲ್ಲಿ ಉಪಕರಣ ಯಾವುದು? ಗಡಿಯಾರ ಅಲ್ಲ. ಜಡ್ಜ್ ಕಣ್ಣು. ಕೂತಾಗ ಸೊಂಟದ ಮಡಿಕೆ ಮಂಡಿಗಿಂತ ಕೆಳಗೆ ಹೋಯಿತಾ, ಪುಲ್‌ಅಪ್‌ನಲ್ಲಿ ಗದ್ದ ಕಂಬಿ ದಾಟಿತಾ, ಬರ್ಪಿಯಲ್ಲಿ ಎದೆ ನೆಲ ಮುಟ್ಟಿತಾ. ಇಲ್ಲ ಅಂದ್ರೆ ‘ನೋ ರೆಪ್’, ಆ ಸಲದ್ದು ಲೆಕ್ಕಕ್ಕಿಲ್ಲ. ಈಗ ಯೋಚನೆ ಮಾಡಿ. ಜಡ್ಜ್ ನಿಮ್ಮದೇ ಜಿಮ್‌ನವರು, ದಿನಾ ಜೊತೆಗೆ ಕಾಫಿ ಕುಡಿಯೋರು. ಹತ್ತು ಅರೆಬರೆ ಸ್ಕ್ವಾಟ್‌ಗೆ ಅವರು ಕಣ್ಣು ಮುಚ್ಚಿದರೆ ನಿಮಗೆ ಮೂವತ್ತು ಸೆಕೆಂಡ್ ಲಾಭ. ಅದೇ ಹೊತ್ತಿಗೆ ಇನ್ನೊಂದು ಊರಿನಲ್ಲಿ ಕಟ್ಟುನಿಟ್ಟಿನ ಜಡ್ಜ್ ಮುಂದೆ ಮಾಡಿದ ಹುಡುಗಿಗೆ ಮೂವತ್ತು ಸೆಕೆಂಡ್ ನಷ್ಟ. ಅದಕ್ಕೇ ವಿಡಿಯೋ ಕೇಳ್ತಾರೆ, ತಪ್ಪು ಸಿಕ್ಕರೆ ಅಂಕ ಕಡಿತ ಮಾಡ್ತಾರೆ, ಜಾಸ್ತಿ ಇದ್ದರೆ ವಿಡಿಯೋನೇ ಅಸಿಂಧು ಮಾಡ್ತಾರೆ.

ಸಮಯಕ್ಕೆ ಅರ್ಥ ಬರಬೇಕಾದರೆ ನಿಯಮ ಒಂದೇ ಇರಬೇಕು. ನಮ್ಮದೇ ಉದಾಹರಣೆ ಇದೆಯಲ್ಲ. 2020ರ ಫೆಬ್ರವರಿ, ಐಕಳ ಕಂಬಳ. ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕೆಸರುಗದ್ದೆಯನ್ನ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನ 100 ಮೀಟರ್‌ಗೆ ಇಳಿಸಿ ಲೆಕ್ಕ ಹಾಕಿದರು: 9.55 ಸೆಕೆಂಡ್. ಉಸೇನ್ ಬೋಲ್ಟ್ ವಿಶ್ವದಾಖಲೆ 9.58. ದೇಶಕ್ಕೆ ದೇಶವೇ ಕುಣಿಯಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದ ಓಟ ಬೇರೆ, ಟ್ರ್ಯಾಕ್ ಓಟ ಬೇರೆ, ಕೋಣಗಳದ್ದೂ ಅದರಲ್ಲಿ ಪಾಲಿದೆ ಅನ್ನೋದು ಅವರ ನಿಲುವು. ಇಡೀ ಗದ್ದಲದಲ್ಲಿ ಅಳತೆಯನ್ನ ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಓಡಿದವರೇ. ಅವರ 13.62 ಸೆಕೆಂಡ್ ಕಂಬಳದ ಕರೆಯಲ್ಲಿ ಅದ್ಭುತವಾದ ಸಮಯ. ಅದನ್ನ ಬೇರೆ ನೆಲಕ್ಕೆ ಎಳೆದುಕೊಂಡು ಹೋಗೋ ಅಗತ್ಯ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕಾಚಾರ. ಈಗ ಜೀವದ ವಿಷಯ.

ಒಂದು ಸೆಕೆಂಡಿಗೆ ನೂರಾರು ಜನ ದಾಟಿ ಹೋಗ್ತಾರೆ ಅಂತ ಗೊತ್ತಾದ ಮೇಲೆ ಮನುಷ್ಯ ಏನು ಮಾಡ್ತಾನೆ? ನಿಲ್ಲಬೇಕಾದ ಕಡೆ ನಿಲ್ಲಲ್ಲ. ದೇಹ ಸಾಕು ಅಂದಾಗ ‘ಇನ್ನೊಂದು’ ಅಂತಾನೆ. ರ‍್ಯಾಬ್ಡೋಮಯೋಲಿಸಿಸ್ ಅನ್ನೋ ಒಂದು ತೊಂದರೆ ಇದೆ. ಅಭ್ಯಾಸ ಇಲ್ಲದ ದೇಹ ಮಿತಿ ಮೀರಿ ದುಡಿದಾಗ ಸ್ನಾಯುಗಳ ಕೋಶ ಒಡೆದು, ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ, ಕಿಡ್ನಿಗೆ ಏಟು ಕೊಡುತ್ತೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ತೋಳು ತೊಡೆ ಊದಿ ಸಹಿಸಲಾಗದ ನೋವಿದ್ದರೆ, ಅದು ‘ಒಳ್ಳೇ ವರ್ಕ್‌ಔಟ್ ಆಯ್ತು’ ಅನ್ನೋ ನೋವಲ್ಲ, ಆಸ್ಪತ್ರೆಗೆ ಹೋಗಬೇಕಾದ ನೋವು. ಕ್ರಾಸ್‌ಫಿಟ್‌ನ ಮೊದಲ ದಿನಗಳಲ್ಲಿ ಈ ಕಾಯಿಲೆಗೆ ‘ಅಂಕಲ್ ರ‍್ಯಾಬ್ಡೋ’ ಅಂತ ಹೆಸರಿಟ್ಟು, ಒಬ್ಬ ಜೋಕರ್‌ನ ಕಾರ್ಟೂನ್ ಬರೆದಿದ್ದರು. ಕಿಡ್ನಿ ಕೆಡೋದು ತಮಾಷೆಯ ಚಿತ್ರ ಆದಾಗಲೇ ಎಚ್ಚರ ಆಗಬೇಕಿತ್ತು.

ಇನ್ನು ಅಡ್ಡದಾರಿ. 2017ರ ಗೇಮ್ಸ್‌ನಲ್ಲಿ ಮೂರನೇ ಸ್ಥಾನ ಪಡೆದ ಆಸ್ಟ್ರೇಲಿಯಾದ ರಿಕ್ಕಿ ಗರಾರ್ಡ್ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಪದಕ ಹೋಯಿತು, ನಾಲ್ಕು ವರ್ಷ ನಿಷೇಧ ಆಯಿತು. ಅಲ್ಲಿ ಪರೀಕ್ಷೆ ಇತ್ತು, ಹಾಗಾಗಿ ಸಿಕ್ಕಿಬಿದ್ದರು. ನಮ್ಮ ಜಿಲ್ಲಾ ಕೇಂದ್ರಗಳ ಜಿಮ್‌ನಲ್ಲಿ ಪುಡಿ ಡಬ್ಬದ ಪಕ್ಕ ಇಂಜೆಕ್ಷನ್ ಸಿಕ್ಕರೆ ಪರೀಕ್ಷೆ ಮಾಡೋರು ಯಾರು?

2024ರ ಆಗಸ್ಟ್ 8. ಅಮೆರಿಕದ ಟೆಕ್ಸಸ್ ರಾಜ್ಯದ ಫೋರ್ಟ್‌ವರ್ತ್. ಕ್ರಾಸ್‌ಫಿಟ್ ಗೇಮ್ಸ್‌ನ ಮೊದಲ ದಿನದ ಮೊದಲ ಸ್ಪರ್ಧೆ. ಮೂರೂವರೆ ಮೈಲಿ ಓಟ, ಆಮೇಲೆ ಕೆರೆಯಲ್ಲಿ 800 ಮೀಟರ್ ಈಜು. ಸಮಯಕ್ಕೆ ಸ್ಪರ್ಧೆ. ಸೆರ್ಬಿಯಾದ ಲಾಜರ್ ಜೂಕಿಚ್, 28 ವರ್ಷ, ಈ ಆಟದ ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬರು. ಈಜು ಮುಗಿಯೋ ದಡ ಹತ್ತಿರದಲ್ಲಿದ್ದಾಗ ಮುಳುಗಿದರು. ಮತ್ತೆ ಏಳಲಿಲ್ಲ. ಆವತ್ತಿನ ಉಳಿದ ಸ್ಪರ್ಧೆ ನಿಲ್ಲಿಸಿದರು, ಮರುದಿನ ಶ್ರದ್ಧಾಂಜಲಿ ಸಲ್ಲಿಸಿ ಗೇಮ್ಸ್ ಮುಂದುವರಿಸಿದರು. ನೀರಲ್ಲಿ ಕಾವಲು ಸಾಕಷ್ಟಿತ್ತಾ, ನೋಡಬೇಕಾದವರು ನೋಡ್ತಿದ್ದರಾ ಅಂತ ಆಟಗಾರರ ಸಂಘಟನೆಯೇ ಪ್ರಶ್ನೆ ಎತ್ತಿತು. 2024ರ ಓಪನ್‌ನಲ್ಲಿ ಸುಮಾರು 3 ಲಕ್ಷ 40 ಸಾವಿರ ಜನ ಇದ್ದರು. 2025ರಲ್ಲಿ ಸುಮಾರು 2 ಲಕ್ಷ 30 ಸಾವಿರ. ಇಳಿದದ್ದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ನಂಬಿಕೆ ಒಡೆದಿತ್ತು ಅನ್ನೋದನ್ನ ಆ ಲೋಕದವರೇ ಅಲ್ಲಗಳೆಯಲಿಲ್ಲ.

ಓಡೋರ ಮೇಲೆ, ಈಜೋರ ಮೇಲೆ ಪ್ರತಿ ಸೆಕೆಂಡಿಗೂ ಗಡಿಯಾರದ ಕಣ್ಣಿತ್ತು. ಮುಳುಗೋನ ಮೇಲೆ ಒಂದು ಜೊತೆ ಮನುಷ್ಯರ ಕಣ್ಣು ಇರಲಿಲ್ಲವಾ ಅನ್ನೋದೇ ಪ್ರಶ್ನೆ.

ಅದು ಅಮೆರಿಕದ ಕಥೆ, ದುಡ್ಡಿದ್ದವರ ಹವ್ಯಾಸ, ನಮಗ್ಯಾಕೆ ಅಂತೀರಾ? ಅದೇ ಆಗಸ್ಟ್ ತಿಂಗಳು ನಮ್ಮ ದೇಶದಲ್ಲೇ ಏನಾಯಿತು ನೆನಪು ಮಾಡಿಕೊಳ್ಳಿ. ಝಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿ. 583 ಹುದ್ದೆ, ಲಕ್ಷಗಟ್ಟಲೆ ಅಭ್ಯರ್ಥಿಗಳು. ದೈಹಿಕ ಪರೀಕ್ಷೆ ಏನು? ಗಂಡಸರಿಗೆ 60 ನಿಮಿಷದಲ್ಲಿ 10 ಕಿಲೋಮೀಟರ್ ಓಟ. ಮಳೆಗಾಲದ ಸೆಕೆ. ಓಡಿದವರಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಪ್ರಾಣ ಬಿಟ್ಟರು. ಪರೀಕ್ಷೆಯನ್ನ ಕೆಲವು ದಿನ ನಿಲ್ಲಿಸಬೇಕಾಯಿತು. ಫೋರ್ಟ್‌ವರ್ತ್‌ನಲ್ಲಿ ಒಬ್ಬರು ಸತ್ತಾಗ ಜಗತ್ತಿನ ಕ್ರೀಡಾ ಪುಟಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ಆಯಿತು. ನಮ್ಮ ಈ ಹುಡುಗರ ಹೆಸರು ನಿಮಗೆ ಒಂದಾದರೂ ಗೊತ್ತಾ?

ಇದು ಕೂಡ ಫಂಕ್ಷನಲ್ ಫಿಟ್‌ನೆಸ್ ಅರ್ಹತಾ ಸುತ್ತೇ, ವೀಕ್ಷಕರೇ. ಬಟ್ಟೆ ಬೇರೆ ಅಷ್ಟೇ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ನೋಡಿ. ಗಂಡಸರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡ್. 400 ಮೀಟರ್‌ನ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಒಂದು ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಸೇನೆಯ ಅಗ್ನಿವೀರ ನೇಮಕಾತಿ 2022ರಲ್ಲಿ ಶುರುವಾದಾಗಿನ ನಿಯಮ ಇನ್ನೂ ಬಿಗಿ. 1.6 ಕಿಲೋಮೀಟರನ್ನ ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ. 5 ನಿಮಿಷ 31 ಸೆಕೆಂಡ್ ಆದರೆ 48. ಒಂದೇ ಸೆಕೆಂಡಿಗೆ 12 ಅಂಕ! ಆಮೇಲೆ ಹತ್ತು ಪುಲ್‌ಅಪ್‌ಗೆ 40 ಅಂಕ. ಕ್ರಾಸ್‌ಫಿಟ್‌ನ ಹುಡುಗನಿಗೆ ಒಂದು ಸೆಕೆಂಡ್ ಹೋದರೆ ಸ್ಥಾನ ಹೋಗುತ್ತೆ, ಮುಂದಿನ ವರ್ಷ ನೋಡೋಣ ಅಂತಾನೆ. ಧಾರವಾಡದಲ್ಲಿ ಬಾಡಿಗೆ ರೂಮು ಮಾಡಿಕೊಂಡು, ಬೆಳಗಿನ ಜಾವ ಎದ್ದು ಓಡ್ತಿರೋ ಹುಡುಗನಿಗೆ ಒಂದು ಸೆಕೆಂಡ್ ಹೋದರೆ ವಯೋಮಿತಿ ದಾಟಿಹೋಗಬಹುದು. ಅಪ್ಪ ಮಾಡಿದ ಸಾಲ ಇರುತ್ತೆ, ಊರಲ್ಲಿ ಕೇಳೋ ಪ್ರಶ್ನೆಗಳಿರುತ್ತವೆ. ಅವನು ಎದೆ ಹಿಡಿದುಕೊಂಡರೂ ಓಡ್ತಾನೆ. ನಿಲ್ಲು ಅಂದರೂ ನಿಲ್ಲಲ್ಲ. ನಿಲ್ಲಿಸಬೇಕಾದವರು ಗಡಿಯಾರ ಹಿಡಿದವರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ವ್ಯಾಯಾಮದ ವಿರೋಧಿ ಅಲ್ಲ. 2021ರ ಅಕ್ಟೋಬರ್ 29ರಂದು ಅಪ್ಪು ನಮ್ಮನ್ನ ಬಿಟ್ಟು ಹೋದಾಗ ಕರ್ನಾಟಕದ ಮನೆಮನೆಯಲ್ಲಿ ಒಂದು ಭಯ ಹುಟ್ಟಿತು. ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಸಾಲು ನಿಂತಿದ್ದನ್ನ ನಾವೆಲ್ಲ ನೋಡಿದ್ದೇವೆ. ಜಿಮ್‌ಗೆ ಹೋಗಬೇಡ ಅಂತ ಅಮ್ಮಂದಿರು ಮಕ್ಕಳಿಗೆ ಹೇಳಿದರು. ಆ ಭಯ ಅರ್ಥ ಆಗುತ್ತೆ, ಆದರೆ ಅದರಿಂದ ಬಂದ ತೀರ್ಮಾನ ತಪ್ಪು. ಕೂತಲ್ಲೇ ಕೂತು ಸಕ್ಕರೆ ಕಾಯಿಲೆ, ಬಿಪಿ ಬರಿಸಿಕೊಳ್ಳೋರ ಸಂಖ್ಯೆ ನಮ್ಮಲ್ಲಿ ಕಮ್ಮಿ ಏನಿಲ್ಲ. ಭಾರ ಎತ್ತಬೇಕು, ಓಡಬೇಕು, ಬೆವರಬೇಕು. ಗಡಿಯಾರ ಕೂಡ ಇರಲಿ. ನಿನ್ನೆಗಿಂತ ಇವತ್ತು ನಾನು ಹತ್ತು ಸೆಕೆಂಡ್ ಬೇಗ ಅನ್ನೋ ಖುಷಿಯನ್ನ ಯಾರೂ ಕಿತ್ತುಕೊಳ್ಳೋದು ಬೇಡ.

ಹಾಗಾದರೆ ಏನು ಮಾಡಬೇಕು? ನಾನು ಮೂರು ಕಡೆಗೆ ಮೂರು ಮಾತು ಹೇಳ್ತೀನಿ.

ಮೊದಲು ಸ್ಪರ್ಧೆ ಮಾಡೋರಿಗೆ. ಸಮಯದಲ್ಲಿ ಮೂರು ಬಗೆ ಇದೆ. ನಿಮ್ಮದೇ ಹಳೇ ಸಮಯ, ನಿಮ್ಮ ವಯಸ್ಸಿನವರ ಸಮಯ, ಅರ್ಹತೆಯ ಗೆರೆಯ ಸಮಯ. ಓಪನ್‌ನಲ್ಲಿ 35ರಿಂದ ಮೇಲೆ ಐದೈದು ವರ್ಷಕ್ಕೆ ಬೇರೆ ವಿಭಾಗ ಇಟ್ಟಿರೋದು ಸುಮ್ಮನೆ ಅಲ್ಲ. ಭಾರ ಕಮ್ಮಿ ಮಾಡಿದ ‘ಸ್ಕೇಲ್ಡ್’ ವಿಭಾಗ ಇರೋದೂ ನಾಚಿಕೆ ಪಡೋದಕ್ಕಲ್ಲ. 40 ವರ್ಷದ ಐಟಿ ಉದ್ಯೋಗಿ, ಆರು ತಿಂಗಳ ಹಿಂದೆ ಜಿಮ್ ಸೇರಿದವರು, ಅಮೆರಿಕದ 25 ವರ್ಷದ ವೃತ್ತಿಪರರ ಸಮಯ ಮೊಬೈಲ್‌ನಲ್ಲಿ ನೋಡಿಕೊಂಡು ಹೊರಟರೆ ಅದು ಸ್ಪರ್ಧೆ ಅಲ್ಲ, ದುಡುಕು. ಎದೆ ನೋವು, ತಲೆ ಸುತ್ತು, ಕಣ್ಣು ಕತ್ತಲೆ ಬಂದರೆ ಆ ಕ್ಷಣಕ್ಕೆ ನಿಲ್ಲಿಸಿ. ಜ್ವರ ಇದ್ದ ದಿನ ಅರ್ಹತಾ ಸುತ್ತು ಬೇಡ. ಮನೆಯಲ್ಲಿ ಹೃದಯದ ಕಾಯಿಲೆ ಇದ್ದವರು ಮೊದಲು ವೈದ್ಯರ ಹತ್ತಿರ ಹೋಗಿ, ಆಮೇಲೆ ಜಡ್ಜ್ ಹತ್ತಿರ.

ಎರಡನೇದು ಜಿಮ್ ನಡೆಸೋರಿಗೆ, ಸ್ಪರ್ಧೆ ನಡೆಸೋರಿಗೆ. ಈ ಮಾರುಕಟ್ಟೆ ನಮ್ಮಲ್ಲಿ ಈಗ ಬೆಳೀತಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2017ರಲ್ಲಿ ಹುಟ್ಟಿದ ‘ಹೈರಾಕ್ಸ್’ ಅನ್ನೋ ಸ್ಪರ್ಧೆ 2025ರ ಮೇ ತಿಂಗಳಲ್ಲಿ ಮುಂಬೈಗೆ ಬಂತು. ಎಂಟು ಸಲ ಒಂದೊಂದು ಕಿಲೋಮೀಟರ್ ಓಟ, ನಡುವೆ ಎಂಟು ಬಗೆಯ ಕೆಲಸ. ಅದನ್ನ ಶುರು ಮಾಡಿದವರಲ್ಲಿ ಒಬ್ಬರಾದ ಮೊರಿಟ್ಸ್ ಫ್ಯೂರ್ಸ್ಟೆ ಒಲಿಂಪಿಕ್ ಚಿನ್ನ ಗೆದ್ದ ಹಾಕಿ ಆಟಗಾರ, ನಮ್ಮ ಹಾಕಿ ಇಂಡಿಯಾ ಲೀಗ್‌ನಲ್ಲೂ ಆಡಿದವರು. ಇಂಥವು ಇನ್ನಷ್ಟು ಬರುತ್ತವೆ, ಬರಲಿ. ಆದರೆ ಟೀ ಶರ್ಟ್, ಪದಕ, ಫೋಟೋಗ್ರಾಫರ್‌ಗೆ ಖರ್ಚು ಮಾಡೋ ಮುಂಚೆ ಆಂಬುಲೆನ್ಸ್ ಬಾಗಿಲಲ್ಲಿ ನಿಂತಿದೆಯಾ, ಎಇಡಿ ಯಂತ್ರ ಇದೆಯಾ, ಸಿಪಿಆರ್ ಮಾಡೋಕೆ ಬರೋರು ಎಷ್ಟು ಜನ ಇದ್ದಾರೆ ಅಂತ ನೋಡಿ. ಮತ್ತೆ ಜಡ್ಜ್‌ಗೆ ಒಂದು ಅಧಿಕಾರ ಕೊಡಿ. ‘ನೋ ರೆಪ್’ ಅನ್ನೋ ಅಧಿಕಾರ ಈಗಾಗಲೇ ಇದೆ. ‘ಸಾಕು, ನಿಲ್ಲಿಸು’ ಅನ್ನೋ ಅಧಿಕಾರವೂ ಇರಲಿ.

ಮೂರನೇದು ಸರ್ಕಾರಕ್ಕೆ. ಉದ್ಯೋಗಕ್ಕೆ ಓಟ ಇಡಬೇಡಿ ಅಂತ ನಾನು ಹೇಳ್ತಿಲ್ಲ. ಕಳ್ಳನ ಹಿಂದೆ ಓಡಬೇಕಾದ ಪೊಲೀಸರಿಗೆ ಓಟ ಬರಲೇಬೇಕು. ಆದರೆ ಇಟ್ಟ ಸಮಯಕ್ಕೂ ಮಾಡೋ ಕೆಲಸಕ್ಕೂ ಸಂಬಂಧ ಇರಬೇಕು. ಅಬಕಾರಿ ಕಾನ್‌ಸ್ಟೆಬಲ್ ಒಂದೇ ಉಸಿರಿಗೆ 10 ಕಿಲೋಮೀಟರ್ ಓಡಿ ಯಾರನ್ನ ಹಿಡೀಬೇಕು? ಅಭ್ಯರ್ಥಿಗಳು ಜಾಸ್ತಿ, ಹುದ್ದೆ ಕಮ್ಮಿ, ಹಾಗಾಗಿ ಜನರನ್ನ ಉದುರಿಸೋಕೆ ಓಟ. ಸೀಟು ಅಳೆಯೋ ಗಡಿಯಾರ ಅಂತ ಆಗಲೇ ಹೇಳಿದ್ನಲ್ಲ, ಇದು ಅದೇ. ಕಷ್ಟದ ಲಿಖಿತ ಪರೀಕ್ಷೆ ಇಟ್ಟು ಉದುರಿಸಿದರೆ ಯಾರೂ ಸಾಯಲ್ಲ. ಬೆಳಗ್ಗೆ ಬೇಗ ಓಡಿಸಿ, ಬಿಸಿಲಲ್ಲಿ ಸಾಲು ನಿಲ್ಲಿಸಬೇಡಿ. ಓಟಕ್ಕೆ ಮುಂಚೆ ಬಿಪಿ, ನಾಡಿ ಪರೀಕ್ಷೆ ಮಾಡಿ. ಟ್ರ್ಯಾಕ್ ಪಕ್ಕ ವೈದ್ಯರು, ನೀರು, ಆಂಬುಲೆನ್ಸ್ ಇರಲಿ. ಆವತ್ತು ಆರೋಗ್ಯ ಕೈಕೊಟ್ಟವನಿಗೆ ಇನ್ನೊಂದು ದಿನ ಓಡೋ ಅವಕಾಶ ಕೊಡಿ. ಇನ್ನೊಂದು ಅವಕಾಶ ಇದೆ ಅಂತ ಗೊತ್ತಿದ್ದರೆ ಆ ಹುಡುಗ ತಾನಾಗೇ ನಿಲ್ತಾನೆ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ, ಒಂದು ಸುತ್ತೋಲೆ ಸಾಕು.

ಇದೇ ವಾರ ನಿಮ್ಮ ಮನೆಯಲ್ಲಿ ಯಾರಾದರೂ ಜಿಮ್‌ಗೋ ಗ್ರೌಂಡ್‌ಗೋ ಹೊರಟಿದ್ದರೆ, ಬಂದ ಮೇಲೆ ‘ಎಷ್ಟು ನಿಮಿಷ ಆಯ್ತು?’ ಅಂತ ಖಂಡಿತ ಕೇಳಿ. ಅವರಿಗೆ ಅದನ್ನ ಹೇಳಿಕೊಳ್ಳೋ ಆಸೆ ಇರುತ್ತೆ. ಅದರ ಜೊತೆಗೇ ‘ಮೈ ಹೇಗಿದೆ?’ ಅಂತಾನೂ ಕೇಳಿ. ಎರಡನೇ ಪ್ರಶ್ನೆಯನ್ನ ಬೋರ್ಡ್ ಕೇಳಲ್ಲ, ಲೀಡರ್‌ಬೋರ್ಡ್ ಕೇಳಲ್ಲ, ನೇಮಕಾತಿ ಮಂಡಳಿಯೂ ಸದ್ಯಕ್ಕೆ ಕೇಳ್ತಿಲ್ಲ.

ಸುತ್ತೋಲೆ ಯಾವಾಗ ಬರುತ್ತೆ ಅಂತ ನಾವು ಕೇಳ್ತಾನೇ ಇರ್ತೀವಿ.